ಟಾರ್ಚಿನ ಒಡಲಿನ ಶಾಖ: ಸ್ವತಃ ಬೆರೆಸುವ ಪಾಟಿಂಗ್ ಮಿಶ್ರಣಗಳ ಉಪಯೋಗ ಮತ್ತು ಮಿತಿ

ಹಳ್ಳಿಯ ಕಡೆ ಇಂದಿಗೂ 'ಬ್ಯಾಟರಿ' ಎಂದೇ ಕರೆಯಲ್ಪಡುವ ಟಾರ್ಚು ಕಳೆದ ಎರಡು ದಶಕಗಳಲ್ಲಿ ಪೂರ್ಣವಾಗಿ ಬದಲಾಗಿದೆ. ತಂತಿಯ ಬಲ್ಬು ಹೋಗಿ ಎಲ್‌ಇಡಿ ಬಂದಿತು. ಒಣಕೋಶಗಳ ಸ್ಥಾನವನ್ನು ಲಿಥಿಯಂ ಅಯಾನ್ ಕೋಶ ಆಕ್ರಮಿಸಿತು. ಲೇತ್ ಯಂತ್ರವೊಂದು, ಬೆಸುಗೆ ಹಾಕಬಲ್ಲ ನಾಲ್ಕಾರು ಕೈಗಳು ಇದ್ದರೆ ಸಣ್ಣ ಉದ್ದಿಮೆದಾರನೂ ಬಿಡಿಭಾಗಗಳನ್ನು ತರಿಸಿ ಟಾರ್ಚು, ತಲೆದೀಪ, ಕೈದೀಪಗಳನ್ನು ಜೋಡಿಸಿ ಮಾರಬಹುದಾಗಿದೆ. ಆದರೆ ಹೀಗೆ ಜೋಡಿಸಿದ ಸರಕಿನ ಒಂದು ಪಾಲು ಕೆಲವೇ ತಿಂಗಳಲ್ಲಿ ಅಂಗಡಿಯವರ ಮೂಲಕ ಹಿಂದಿರುಗಿ ಬರುವುದುಂಟು. ಬಿಚ್ಚಿ ನೋಡಿದಾಗ ಎಲ್‌ಇಡಿ ಸುಸ್ಥಿತಿಯಲ್ಲಿದ್ದು, ಅದರ ಹಿಂದಿನ ನಾಣ್ಯದಗಲದ ಡ್ರೈವರ್ ಫಲಕ ಕಂದುಗಟ್ಟಿರುತ್ತದೆ. ಪಂಪ್‌ಸೆಟ್ಟಿಗೆ ರಾತ್ರಿ ಪಾಳಿಯಲ್ಲಿ ವಿದ್ಯುತ್ ಬರುವ ಊರಿನಲ್ಲಿ, ಹೊಲದ ಬದುವಿನ ಮೇಲೆ ಆರಿಹೋದ ಟಾರ್ಚು ಕೇವಲ ಬದಲಿ ಕೊಡುವ ಮಾತಿನಿಂದ ಮುಗಿಯುವ ವಿಷಯವಲ್ಲ. ಆ ಗ್ರಾಹಕನು ಮತ್ತೊಮ್ಮೆ ಅದೇ ಹೆಸರಿನ ಸರಕನ್ನು ಕೊಳ್ಳುವುದಿಲ್ಲ.

ಇದಕ್ಕೆ ಪರಿಹಾರವೆಂದು ಹಲವರು ಅನುಸರಿಸುವ ಕ್ರಮವೇ 'ಪಾಟಿಂಗ್'. ಡ್ರೈವರ್ ಫಲಕದ ಸುತ್ತಲಿನ ಖಾಲಿ ಜಾಗವನ್ನು ಶಾಖ ಸಾಗಿಸುವ, ವಿದ್ಯುತ್ ಸಾಗಿಸದ ಮಿಶ್ರಣದಿಂದ ತುಂಬಿ ಗಟ್ಟಿಗೊಳಿಸುವುದೇ ಈ ವಿಧಾನ. ಸಿದ್ಧ ಮಿಶ್ರಣಗಳು ಮಾರುಕಟ್ಟೆಯಲ್ಲಿ ದೊರೆಯುತ್ತವೆ. ಆದರೆ ಅವು ದೊಡ್ಡ ಪ್ರಮಾಣದಲ್ಲಿ ಮಾತ್ರ ಬರುತ್ತವೆ, ಬಾಳಿಕೆಯ ಅವಧಿ ಸೀಮಿತ, ಬೆಲೆಯೂ ಹೆಚ್ಚು. ಆದ್ದರಿಂದ ಎಪಾಕ್ಸಿ ರಾಳಕ್ಕೆ ಯಾವುದಾದರೊಂದು ಪುಡಿಯನ್ನು ಸೇರಿಸಿ ತಾವೇ ಬೆರೆಸಿಕೊಳ್ಳುವ ರೂಢಿ ಬೆಳೆದಿದೆ. ಈ ಮನೆಮಿಶ್ರಣ ಎಲ್ಲಿ ಕೆಲಸಕ್ಕೆ ಬರುತ್ತದೆ, ಎಲ್ಲಿ ಬರುವುದಿಲ್ಲ ಎಂಬುದನ್ನು ಲೆಕ್ಕದ ಸಹಿತ ತಿಳಿಯುವುದು ಅವಶ್ಯ.

ಶಾಖ ಹುಟ್ಟುವ ಎರಡು ಸ್ಥಾನಗಳು

ಹಿಂದಿನ ತಂತಿಯ ಬಲ್ಬು ತನ್ನ ಶಾಖದ ಬಹುಭಾಗವನ್ನು ಬೆಳಕಿನ ಜೊತೆಯಲ್ಲೇ ಅವಗೆಂಪು ಕಿರಣವಾಗಿ ಹೊರಗೆ ಎಸೆಯುತ್ತಿತ್ತು. ಎಲ್‌ಇಡಿ ಹಾಗೆ ಮಾಡುವುದಿಲ್ಲ. ಅದು ಬಳಸುವ ವಿದ್ಯುತ್ತಿನ ಸುಮಾರು ಮೂರನೆಯ ಒಂದು ಭಾಗ ಬೆಳಕಾದರೆ, ಉಳಿದದ್ದು ಚಿಪ್ಪಿನಲ್ಲೇ ಶಾಖವಾಗಿ ನಿಂತು ಹಿಂಬದಿಯ ಲೋಹದ ಮೂಲಕವೇ ಹೊರಹೋಗಬೇಕು. 5 ಮಿ.ಮೀ. ಗಾತ್ರದ ಹಳೆಯ ಎಲ್‌ಇಡಿಗೆ 20 ಮಿಲಿ ಆಂಪಿಯರ್ ಸಾಕಾಗಿದ್ದರಿಂದ ಈ ಪ್ರಶ್ನೆಯೇ ಏಳುತ್ತಿರಲಿಲ್ಲ. ಇಂದಿನ ಟಾರ್ಚುಗಳಲ್ಲಿ ಕಾಣುವ ಕ್ರೀ ಸಂಸ್ಥೆಯ ಎಕ್ಸ್‌ಎಂ-ಎಲ್ ಮಾದರಿಯ ಎಲ್‌ಇಡಿಯು 3 ಆಂಪಿಯರ್‌ವರೆಗೆ ತೆಗೆದುಕೊಳ್ಳಬಲ್ಲದು; ಅಂದರೆ ಸುಮಾರು 10 ವ್ಯಾಟ್.

ಎರಡನೆಯ ಸ್ಥಾನ ಡ್ರೈವರ್. ಅಗ್ಗದ ಟಾರ್ಚುಗಳಲ್ಲಿ ಸಾಮಾನ್ಯವಾಗಿ ಬಳಕೆಯಾಗುವುದು ಎಎಂಸಿ 7135 ಎಂಬ ಚಿಕ್ಕ ಐಸಿ. ಒಂದೊಂದೂ 350 ಮಿಲಿ ಆಂಪಿಯರ್ ಹರಿವನ್ನು ಸ್ಥಿರವಾಗಿಡುತ್ತದೆ. 17 ಮಿ.ಮೀ. ವ್ಯಾಸದ ಫಲಕದ ಮೇಲೆ ಇಂತಹ ಎಂಟನ್ನು ಜೋಡಿಸಿದರೆ 2.8 ಆಂಪಿಯರ್ ದೊರೆಯುತ್ತದೆ. ಕೋಶದ ವೋಲ್ಟೇಜು ಮತ್ತು ಎಲ್‌ಇಡಿಯ ವೋಲ್ಟೇಜುಗಳ ನಡುವಿನ ಅಂತರವನ್ನು ಈ ಐಸಿಗಳು ಶಾಖವಾಗಿ ಸುಟ್ಟುಹಾಕುತ್ತವೆ. ಹೊಸದಾಗಿ ಚಾರ್ಜ್ ಮಾಡಿದ ಕೋಶವು ಹೊರೆಯ ಅಡಿಯಲ್ಲಿ 4 ವೋಲ್ಟ್ ಕೊಡುತ್ತಿದ್ದು ಎಲ್‌ಇಡಿಗೆ 3.3 ವೋಲ್ಟ್ ಸಾಕಾದರೆ, ಉಳಿದ 0.7 ವೋಲ್ಟನ್ನು 2.8 ಆಂಪಿಯರ್‌ನಿಂದ ಗುಣಿಸಿದಾಗ ಸುಮಾರು 2 ವ್ಯಾಟ್ ಬರುತ್ತದೆ. ಈ 2 ವ್ಯಾಟ್ ಗಾಳಿ ಆಡದ ಪುಟ್ಟ ಡಬ್ಬಿಯೊಳಗೆ ಸಿಲುಕಿರುತ್ತದೆ. ಪಾಟಿಂಗ್ ಮಿಶ್ರಣದ ಕೆಲಸ ಇಲ್ಲಿದೆ.

ಎಲ್‌ಇಡಿಯ ಕೆಳಗೆ ಅದಕ್ಕೆ ಕೆಲಸವಿಲ್ಲ. ಎಲ್‌ಇಡಿ ಕೂತಿರುವ ಲೋಹಫಲಕವನ್ನು ಆಧಾರಕ್ಕೆ ಸ್ಕ್ರೂಗಳಿಂದ ಬಿಗಿದು, ನಡುವೆ ಉಷ್ಣಪೇಸ್ಟಿನ ತೆಳುವಾದ ಪದರ ಹಚ್ಚುವುದೇ ಸರಿಯಾದ ಕ್ರಮ. ಪದರ ದಪ್ಪವಾದಷ್ಟೂ ನಷ್ಟ. ಮಿಶ್ರಣ ಮಿಕ್ಕಿದೆಯೆಂದು ಅಲ್ಲಿಯೂ ಬಳಿಯುವವರು ಲಾಭಕ್ಕಿಂತ ಹಾನಿಯನ್ನೇ ಮಾಡಿಕೊಳ್ಳುತ್ತಾರೆ.

ಅಂಕಿಗಳು ಹೇಳುವುದೇನು

ಪದಾರ್ಥದ ಉಷ್ಣವಾಹಕತೆಯನ್ನು ಪ್ರತಿ ಮೀಟರ್-ಕೆಲ್ವಿನ್‌ಗೆ ಇಷ್ಟು ವ್ಯಾಟ್ ಎಂದು ಅಳೆಯಲಾಗುತ್ತದೆ. ನಿಂತ ಗಾಳಿಗೆ ಈ ಅಂಕಿ 0.026, ಪುಡಿ ಬೆರೆಸದ ಎಪಾಕ್ಸಿಗೆ ಸುಮಾರು 0.2, ಅಲ್ಯೂಮಿನಾ ಎಂಬ ಅಲ್ಯೂಮಿನಿಯಂ ಆಕ್ಸೈಡಿಗೆ ಸುಮಾರು 30, ಹಿತ್ತಾಳೆಗೆ 110ರ ಆಸುಪಾಸು, ಶುದ್ಧ ಅಲ್ಯೂಮಿನಿಯಂ ಲೋಹಕ್ಕೆ 237, ತಾಮ್ರಕ್ಕೆ ಸುಮಾರು 400. ಮೇಲೆ ಹೇಳಿದ 17 ಮಿ.ಮೀ. ಫಲಕಕ್ಕೂ ಅದರ ಎದುರಿನ ಲೋಹದ ಗೋಡೆಗೂ ನಡುವೆ 4 ಮಿ.ಮೀ. ಅಂತರವಿದೆಯೆಂದು ಇಟ್ಟುಕೊಳ್ಳೋಣ. ಆ ಅಂತರದಲ್ಲಿ ಬರೀ ಗಾಳಿಯಿದ್ದರೆ, ಆ ದಾರಿಯಲ್ಲಿ ಒಂದು ವ್ಯಾಟ್ ಸಾಗಿಸಲು 600 ಡಿಗ್ರಿಗೂ ಮೀರಿದ ತಾಪಾಂತರ ಬೇಕು. ವಾಸ್ತವದಲ್ಲಿ ಅಷ್ಟು ಶಾಖ ಆ ದಾರಿ ಹಿಡಿಯದೆ ತಂತಿಗಳ ಮೂಲಕ, ಫಲಕದ ಅಂಚಿನ ಮೂಲಕ ಹೇಗೋ ಹೊರಬೀಳುತ್ತದೆ. ಬರೀ ಎಪಾಕ್ಸಿ ತುಂಬಿದರೆ ವ್ಯಾಟಿಗೆ 88 ಡಿಗ್ರಿ. ಉಷ್ಣವಾಹಕತೆ 0.8 ಇರುವ ಮಿಶ್ರಣ ತುಂಬಿದರೆ 22 ಡಿಗ್ರಿ. ಅಂದರೆ 2 ವ್ಯಾಟಿಗೆ 44 ಡಿಗ್ರಿ.

ಇದೇ ಲೆಕ್ಕದಲ್ಲಿ ಬಹಳಷ್ಟು ಜನ ಗಮನಿಸದ ಒಂದು ಅಂಶವಿದೆ. ಅಂತರವನ್ನು 4 ಮಿ.ಮೀ.ನಿಂದ 2 ಮಿ.ಮೀ.ಗೆ ಇಳಿಸಿದರೆ ತಾಪಾಂತರವೂ ಅರ್ಧಕ್ಕೆ ಇಳಿಯುತ್ತದೆ. ಮಿಶ್ರಣದ ವಾಹಕತೆಯನ್ನು ಇಮ್ಮಡಿಗೊಳಿಸಿದಷ್ಟೇ ಫಲ ಇದರಿಂದ ದೊರೆಯುತ್ತದೆ. ಲೇತಿನಲ್ಲಿ ಕತ್ತರಿಸಿದ 2 ಮಿ.ಮೀ. ದಪ್ಪದ ಅಲ್ಯೂಮಿನಿಯಂ ಬಿಲ್ಲೆಯೊಂದನ್ನು ಖಾಲಿ ಜಾಗದಲ್ಲಿ ಕೂರಿಸಿ, ಅದರ ಮೇಲೆ ವಿದ್ಯುನ್ನಿರೋಧಕ ಪಾಲಿಇಮೈಡ್ ಟೇಪು ಅಂಟಿಸಿ, ಉಳಿದ ಅಂತರಕ್ಕೆ ಮಾತ್ರ ಮಿಶ್ರಣ ಸುರಿದರೆ ದುಬಾರಿ ಪುಡಿಗಳ ಹುಡುಕಾಟವೇ ಬೇಕಿಲ್ಲ. ಟೇಪಿನಿಂದಾಗುವ ಅಡ್ಡಿ 2 ವ್ಯಾಟಿಗೆ ಮೂರ್ನಾಲ್ಕು ಡಿಗ್ರಿ ಮಾತ್ರ. ಲೇತ್ ಇರುವ ಕಾರ್ಖಾನೆಯವರಿಗೆ ಇದಕ್ಕಿಂತ ಅಗ್ಗದ ಸುಧಾರಣೆ ಬೇರೊಂದಿಲ್ಲ ಎಂದೇ ಹೇಳಬಹುದು.

ಯಾವ ಪುಡಿ, ಎಷ್ಟು ಪುಡಿ

ಪುಡಿ ಎಷ್ಟು ಉತ್ತಮವೋ ಮಿಶ್ರಣವೂ ಅಷ್ಟೇ ಉತ್ತಮ ಎಂಬ ನಂಬಿಕೆ ಸಾರ್ವತ್ರಿಕವಾಗಿದೆ. ಇದು ತಪ್ಪು. ಕಣಗಳು ಒಂದಕ್ಕೊಂದು ತಾಕದೆ ರಾಳದಲ್ಲಿ ತೇಲುತ್ತಿರುವಾಗ ಶಾಖವು ಪ್ರತಿ ಎರಡು ಕಣಗಳ ನಡುವೆಯೂ ರಾಳವನ್ನು ದಾಟಲೇಬೇಕು. ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ 1873ರ ತಮ್ಮ ಗ್ರಂಥದಲ್ಲಿ ಕೊಟ್ಟ ಸೂತ್ರವನ್ನು ಇಂದಿಗೂ ಇದಕ್ಕೆ ಅನ್ವಯಿಸಲಾಗುತ್ತದೆ. ಅದರಂತೆ ಗಾತ್ರದಲ್ಲಿ ಅರ್ಧ ಭಾಗ ಅಲ್ಯೂಮಿನಾ ಇರುವ ಎಪಾಕ್ಸಿಯ ವಾಹಕತೆ 0.78. ಅಲ್ಯೂಮಿನಾ ಬದಲಿಗೆ ವಜ್ರದ ಪುಡಿಯನ್ನೇ ಹಾಕಿದರೂ ಅದು 0.80 ಮಾತ್ರ! ಕಣಗಳು ಒತ್ತೊತ್ತಾಗಿ ಕೂತಾಗ ನಿಜವಾದ ಅಂಕಿ ಸೂತ್ರಕ್ಕಿಂತ ಸ್ವಲ್ಪ ಮೇಲಿರುತ್ತದೆ. ಆದರೂ ತಾತ್ಪರ್ಯ ಬದಲಾಗುವುದಿಲ್ಲ. ಮಿಶ್ರಣದ ಗುಣವನ್ನು ನಿರ್ಧರಿಸುವುದು ಪುಡಿಯ ಜಾತಿಗಿಂತ ಹೆಚ್ಚಾಗಿ ಅದರ ಪ್ರಮಾಣ.

ಪ್ರಮಾಣದ ವಿಷಯದಲ್ಲಿ ತೂಕ ಮತ್ತು ಗಾತ್ರಗಳ ಗೊಂದಲ ಸಾಮಾನ್ಯ. 'ಸಮಸಮ ಬೆರೆಸಿದ್ದೇವೆ' ಎನ್ನುವವರು ಸಾಮಾನ್ಯವಾಗಿ ತೂಕದಲ್ಲಿ ಸಮ ಬೆರೆಸಿರುತ್ತಾರೆ. ಅಲ್ಯೂಮಿನಾ ಎಪಾಕ್ಸಿಗಿಂತ ಮೂರೂವರೆ ಪಟ್ಟು ಸಾಂದ್ರವಾದ್ದರಿಂದ, ಗಾತ್ರದಲ್ಲಿ ಅದು ಶೇ. 22 ಅಥವಾ 23 ಮಾತ್ರ ಆಗುತ್ತದೆ, ವಾಹಕತೆ 0.37ರ ಸುಮಾರಿಗೆ ನಿಲ್ಲುತ್ತದೆ. ಗಾತ್ರದಲ್ಲಿ ಶೇ. 40 ಬೇಕಾದರೆ 100 ಗ್ರಾಂ ರಾಳ-ಹಾರ್ಡನರಿಗೆ 230 ಗ್ರಾಂ ಪುಡಿ ಬೇಕು. ಆಗ ವಾಹಕತೆ ಸುಮಾರು 0.6. ಶೇ. 50ಕ್ಕೆ 340 ಗ್ರಾಂ. ಶೇ. 40ರ ಮಿಶ್ರಣ ದಪ್ಪನೆಯ ಇಡ್ಲಿ ಹಿಟ್ಟಿನ ಹದಕ್ಕೆ ಬಂದು ಕಷ್ಟಪಟ್ಟಾದರೂ ಸುರಿಯುತ್ತದೆ. ಶೇ. 50ರದ್ದು ಕಣಕದಂತಾಗಿ, ಒತ್ತಿ ತುಂಬಬೇಕಾಗುತ್ತದೆ. ಒಂದೇ ಗಾತ್ರದ ಕಣಗಳ ಬದಲು ದಪ್ಪ ಕಣ ಮತ್ತು ಅದರ ಹತ್ತನೆಯ ಒಂದರಷ್ಟು ಗಾತ್ರದ ಸಣ್ಣ ಕಣಗಳನ್ನು ಕೂಡಿಸಿದರೆ, ಜಲ್ಲಿಯ ಸಂದಿಗೆ ಮರಳು ಇಳಿದಂತೆ, ಹೆಚ್ಚು ಪುಡಿ ಹಿಡಿದೂ ಮಿಶ್ರಣ ಹರಿಯುತ್ತದೆ.

ಅಲ್ಯೂಮಿನಾ ನಮ್ಮ ರಾಜ್ಯಕ್ಕೆ ದೂರದ ವಸ್ತುವಲ್ಲ. ಬೆಳಗಾವಿಯಲ್ಲಿ ಹಿಂಡಾಲ್ಕೋ ಸಂಸ್ಥೆಯ ಕಾರ್ಖಾನೆ ವಿಶೇಷ ದರ್ಜೆಯ ಅಲ್ಯೂಮಿನಾ ಮತ್ತು ಹೈಡ್ರೇಟುಗಳನ್ನು ತಯಾರಿಸುತ್ತದೆ. ಸಾಣೆ ಕೆಲಸದ ಸಾಮಗ್ರಿ ಮಾರುವ ಅಂಗಡಿಗಳಲ್ಲಿಯೂ ಬಿಳಿಯ ಅಲ್ಯೂಮಿನಾ ಪುಡಿ ಸಿಗುತ್ತದೆ. ಕೊಳ್ಳುವಾಗ ಸೋಡಾ ಅಂಶ ಕಡಿಮೆಯಿರುವ ದರ್ಜೆಯನ್ನು ಕೇಳಬೇಕು. ಉಳಿಕೆ ಸೋಡಿಯಂ ತೇವದ ಜೊತೆ ಸೇರಿ ವಿದ್ಯುತ್ ಸೋರಿಕೆಗೆ ದಾರಿಯಾಗುತ್ತದೆ. ಅಲ್ಯೂಮಿನಾ ಅತಿ ಗಡಸು. ಸುರಿಯುವ ಯಂತ್ರಗಳ ಮೂತಿಯನ್ನು ಸವೆಸುತ್ತದೆ. ಅದಕ್ಕಾಗಿಯೇ ಸಿದ್ಧ ಮಿಶ್ರಣಗಳ ತಯಾರಕರು ಹಲವು ಬಾರಿ ಮೃದುವಾದ ಅಲ್ಯೂಮಿನಿಯಂ ಹೈಡ್ರಾಕ್ಸೈಡನ್ನು ಬಳಸುತ್ತಾರೆ. ಸುಮಾರು 200 ಡಿಗ್ರಿಗೆ ಮೇಲೆ ಅದು ನೀರನ್ನು ಬಿಟ್ಟುಕೊಟ್ಟು ಉರಿಯನ್ನು ತಗ್ಗಿಸುವುದು ಹೆಚ್ಚುವರಿ ಲಾಭ.

ಅಲ್ಯೂಮಿನಿಯಂ ಲೋಹದ ಪುಡಿ ಮತ್ತು ಗ್ರಾಫೈಟ್ ವಿದ್ಯುತ್ತನ್ನೂ ಸಾಗಿಸಬಲ್ಲವು. ಗಟ್ಟಿಯಾದ ಮೇಲೆ ಮೀಟರು ತೋರದ ಸೋರಿಕೆ ಕಣಗಳ ಒತ್ತಡ ಬದಲಾದಾಗ ಕಾಣಿಸಿಕೊಳ್ಳಬಹುದು. ಅದೂ ಅಲ್ಲದೆ ನಯವಾದ ಅಲ್ಯೂಮಿನಿಯಂ ಪುಡಿ ಗಾಳಿಯಲ್ಲಿ ಹಾರಿದರೆ ಸ್ಫೋಟಕ. ಸಿಲಿಕಾನ್ ಕಾರ್ಬೈಡ್ ಅರೆವಾಹಕ. ಬೆರಿಲಿಯಂ ಆಕ್ಸೈಡಿನ ಹೆಸರು ಹಳೆಯ ಪುಸ್ತಕಗಳಲ್ಲಿ ಕಂಡರೂ ಅದರ ಧೂಳು ಶ್ವಾಸಕೋಶಕ್ಕೆ ಮಾರಕವಾದ್ದರಿಂದ ಸಣ್ಣ ಕಾರ್ಖಾನೆಯ ಹತ್ತಿರವೂ ಸುಳಿಯಬಾರದು. ಸ್ಫಟಿಕ ಮರಳಿನ ಪುಡಿ ಅಗ್ಗವೇನೋ ಹೌದು. ಸಿಲಿಕೋಸಿಸ್ ರೋಗದ ಬೆಲೆಯನ್ನು ಅದಕ್ಕೆ ಸೇರಿಸಿದರೆ ಅಗ್ಗವಲ್ಲ.

ರಾಳದ ಆಯ್ಕೆ

ಅಂಗಡಿಯಲ್ಲಿ ಸುಲಭವಾಗಿ ದೊರೆಯುವ ಐದು ನಿಮಿಷದ ಎಪಾಕ್ಸಿ ಈ ಕೆಲಸಕ್ಕೆ ತಕ್ಕದ್ದಲ್ಲ. ಪುಡಿ ಬೆರೆಸಿ ಮುಗಿಯುವಷ್ಟರಲ್ಲಿ ಅದು ಬಿಗಿಯುತ್ತದೆ, ಗುಳ್ಳೆಗಳು ಹೊರಬರಲು ಸಮಯ ಸಿಗುವುದಿಲ್ಲ. ಕೊಠಡಿಯ ತಾಪದಲ್ಲೇ ಗಟ್ಟಿಯಾಗುವ ಬಹುತೇಕ ಎಪಾಕ್ಸಿಗಳು 50-60 ಡಿಗ್ರಿಯ ಸುಮಾರಿಗೆ ಮೆತ್ತಗಾಗಲು ಆರಂಭಿಸುತ್ತವೆ ಎಂಬುದನ್ನೂ ನೆನಪಿಡಬೇಕು. ಗಟ್ಟಿಯಾದ ನಂತರ ಕೆಲವು ಗಂಟೆ 70-80 ಡಿಗ್ರಿಯ ಒಲೆಯಲ್ಲಿಟ್ಟರೆ ಈ ಮಿತಿ ಮೇಲೇರುತ್ತದೆ. ನಮ್ಮ ದೇಶದ ಸಂಯೋಜಿತ ವಸ್ತುಗಳ ಕೆಲಸದಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಎಲ್‌ವೈ 556 ರಾಳ ಮತ್ತು ಎಚ್‌ವೈ 951 ಹಾರ್ಡನರ್ ಜೋಡಿಯನ್ನು ಸಾಮಾನ್ಯವಾಗಿ ತೂಕದಲ್ಲಿ 100ಕ್ಕೆ 10ರಂತೆ ಬೆರೆಸುತ್ತಾರೆ. ಇಲ್ಲಿ ನಡೆಯುವ ತಪ್ಪೆಂದರೆ, ರಾಳಕ್ಕೆ ಪುಡಿ ಸೇರಿಸಿದ ಮೇಲೆ ಒಟ್ಟು ತೂಕಕ್ಕೆ ಶೇ. 10ರಂತೆ ಹಾರ್ಡನರ್ ಹಾಕುವುದು. ಹಾರ್ಡನರಿನ ಲೆಕ್ಕ ರಾಳಕ್ಕೆ ಮಾತ್ರ.

ಸಿಲಿಕೋನ್ ಸೀಲೆಂಟಿನ ಮೊರೆಹೋಗುವವರೂ ಇದ್ದಾರೆ. ಕಿಟಕಿ ಗಾಜಿಗೆ ಬಳಸುವ, ವಿನೆಗರಿನಂತೆ ಹುಳಿ ವಾಸನೆ ಬೀರುವ ಜಾತಿಯು ಗಟ್ಟಿಯಾಗುವಾಗ ಅಸಿಟಿಕ್ ಆಮ್ಲವನ್ನು ಬಿಡುತ್ತದೆ. ತಾಮ್ರದ ಹಾದಿಗಳನ್ನು ಅದು ತಿನ್ನುತ್ತದೆ. ಅಲ್ಲದೆ ಇಂತಹ ಸಿಲಿಕೋನುಗಳು ಗಾಳಿಯ ತೇವದಿಂದ ಹೊರಮೈಯಿಂದ ಒಳಕ್ಕೆ ದಿನಕ್ಕೆ 2-3 ಮಿ.ಮೀ.ನಷ್ಟು ಮಾತ್ರ ಗಟ್ಟಿಯಾಗುತ್ತವೆ. ಲೋಹದ ಡಬ್ಬಿಯಲ್ಲಿ ಮುಚ್ಚಿಟ್ಟರೆ ಒಳಗಿನದು ವಾರಗಟ್ಟಲೆ ಹಸಿಯಾಗಿಯೇ ಉಳಿದು, ಅದರಿಂದ ಹೊಮ್ಮುವ ಆವಿಯು ಎಲ್‌ಇಡಿಯ ಮೇಲೆ ಕೂತು ಬೆಳಕನ್ನು ಕಂದಿಸಬಹುದು. ಸಿಲಿಕೋನೇ ಬೇಕೆಂದರೆ ಎರಡು ಭಾಗಗಳ, ಸೇರ್ಪಡೆ ವಿಧಾನದಿಂದ ಗಟ್ಟಿಯಾಗುವ ಜಾತಿಯನ್ನು ತರಿಸಬೇಕು. ಅದು ಮೆದುವಾಗಿರುವುದರಿಂದ ಬಿಡಿಭಾಗಗಳ ಮೇಲೆ ಒತ್ತಡ ಹೇರುವುದಿಲ್ಲ, ದುರಸ್ತಿಗೆ ಕೆರೆದು ತೆಗೆಯಲೂ ಬರುತ್ತದೆ.

ಎಪಾಕ್ಸಿಯ ವಿಷಯದಲ್ಲಿ ಒತ್ತಡವೇ ಮುಖ್ಯ ದೋಷ. ಬರೀ ಎಪಾಕ್ಸಿಯು ಬಿಸಿಯೇರಿದಂತೆ ಫಲಕಕ್ಕಿಂತ ಮೂರು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಟಾರ್ಚು ಹೊತ್ತಿ ಆರಿದಂತೆಲ್ಲ ಈ ಎಳೆದಾಟ ನಡೆದು, ಬೆಸುಗೆಗಳೂ ಸೆರಾಮಿಕ್ ಕೆಪಾಸಿಟರುಗಳೂ ಬಿರುಕು ಬಿಡುತ್ತವೆ. ಪುಡಿ ಸೇರಿಸಿದಷ್ಟೂ ಹಿಗ್ಗುವಿಕೆ ತಗ್ಗುವುದರಿಂದ, ತುಂಬು ಪ್ರಮಾಣದ ಪುಡಿ ಶಾಖಕ್ಕೆ ಮಾತ್ರವಲ್ಲದೆ ಬಾಳಿಕೆಗೂ ಅಗತ್ಯ.

ಬೆರೆಸಿ ತುಂಬುವ ಕ್ರಮ

17 ಮಿ.ಮೀ. ವ್ಯಾಸ, 4 ಮಿ.ಮೀ. ಆಳದ ಜಾಗಕ್ಕೆ ಬೇಕಾಗುವುದು ಒಂದು ಮಿಲಿಲೀಟರಿಗೂ ಕಡಿಮೆ, ತೂಕದಲ್ಲಿ ಸುಮಾರು 2 ಗ್ರಾಂ. ಐವತ್ತು ಟಾರ್ಚುಗಳಿಗೆ 100 ಗ್ರಾಂ ಮಿಶ್ರಣ. ಪೋಲಾಗುವುದನ್ನು ಬೇರೆ ಎಣಿಸಬೇಕು. ಶೇ. 40ರ ಪ್ರಮಾಣಕ್ಕೆ ರಾಳ 27.6 ಗ್ರಾಂ, ಹಾರ್ಡನರ್ 2.8 ಗ್ರಾಂ, ಅಲ್ಯೂಮಿನಾ 69.6 ಗ್ರಾಂ. ಗ್ರಾಮಿನ ಹತ್ತನೆಯ ಒಂದು ಭಾಗ ತೋರುವ ತಕ್ಕಡಿ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬಾರದು.

ಪುಡಿಯನ್ನು ಮೊದಲು 110-120 ಡಿಗ್ರಿಯಲ್ಲಿ ಎರಡು ಗಂಟೆ ಒಣಗಿಸಿ, ಮುಚ್ಚಿದ ಡಬ್ಬಿಯಲ್ಲಿ ಆರಿಸಬೇಕು. ಮಳೆಗಾಲದಲ್ಲಿ ಇದನ್ನು ತಪ್ಪಿಸುವಂತಿಲ್ಲ. ರಾಳವನ್ನು 40-50 ಡಿಗ್ರಿಗೆ ಬೆಚ್ಚಗೆ ಮಾಡಿದರೆ ತೆಳುವಾಗಿ ಪುಡಿಯನ್ನು ಸುಲಭವಾಗಿ ಹಿಡಿಯುತ್ತದೆ. ಮೊದಲು ರಾಳಕ್ಕೆ ಪುಡಿ ಬೆರೆಸಿ, ಕೊಠಡಿಯ ತಾಪಕ್ಕೆ ಇಳಿದ ಮೇಲೆ ಹಾರ್ಡನರ್ ಸೇರಿಸುವುದು ಕ್ರಮ. ಬಿಸಿಯಿರುವಾಗ ಸೇರಿಸಿದರೆ ಬೇಗ ಬಿಗಿಯುತ್ತದೆ. ಒಮ್ಮೆಗೇ ಅರ್ಧ ಕಿಲೋ ಕಲಸಿಟ್ಟರೆ ತನ್ನದೇ ಶಾಖದಿಂದ ಪಾತ್ರೆಯಲ್ಲೇ ಕುದಿಯುವುದೂ ಉಂಟು. ಗುಳ್ಳೆ ತೆಗೆಯಲು ನಿರ್ವಾತ ಪಾತ್ರೆ ಇದ್ದರೆ ಒಳ್ಳೆಯದು. ಇಲ್ಲದಿದ್ದಲ್ಲಿ ಸಿರಿಂಜಿನ ಮೂಲಕ ತಳದಿಂದ ಮೇಲಕ್ಕೆ ನಿಧಾನವಾಗಿ ತುಂಬಿ, ಮೇಜನ್ನು ಮೆಲ್ಲಗೆ ತಟ್ಟುತ್ತಿರಬೇಕು. ಗಾಳಿಯ ಒಂದು ಪದರ ಉಳಿದರೂ ಮೇಲಿನ ಲೆಕ್ಕವೆಲ್ಲ ಹುಸಿಯಾಗುತ್ತದೆ.

ಅಮೈನ್ ಹಾರ್ಡನರುಗಳು ಚರ್ಮಕ್ಕೆ ಒಗ್ಗುವುದಿಲ್ಲ. ಒಮ್ಮೆ ಅಲರ್ಜಿ ಬಂದ ಕೆಲಸಗಾರನಿಗೆ ಅದು ಜೀವನಪರ್ಯಂತ ಉಳಿಯಬಹುದು. ನೈಟ್ರೈಲ್ ಕೈಗವಸು, ಧೂಳಿನ ಮುಖಗವಸು, ಗಾಳಿಯಾಡುವ ಕೊಠಡಿ ಇವುಗಳ ಖರ್ಚನ್ನು ಮಿಶ್ರಣದ ಬೆಲೆಯಲ್ಲೇ ಸೇರಿಸಿ ಎಣಿಸಬೇಕು. ಲಿಥಿಯಂ ಕೋಶವನ್ನು ಯಾವ ಕಾರಣಕ್ಕೂ ಮಿಶ್ರಣದಲ್ಲಿ ಹುದುಗಿಸಬಾರದು. ಅದರ ಅನಿಲ ಹೊರಬರುವ ದ್ವಾರ ಮುಚ್ಚಿದರೆ ಕೋಶ ಸಿಡಿಯುತ್ತದೆ. ಎಲೆಕ್ಟ್ರೊಲೈಟಿಕ್ ಕೆಪಾಸಿಟರಿನ ತಲೆಗೂ ಇದೇ ನಿಯಮ.

ಪರೀಕ್ಷೆ

ಮಿಶ್ರಣದ ಗುಣವನ್ನು ಅಳೆಯಲು ಪ್ರಯೋಗಾಲಯವೇ ಬೇಕೆಂದಿಲ್ಲ. ಒಂದೇ ಅಳತೆಯ ಲೋಹದ ಬಟ್ಟಲುಗಳಲ್ಲಿ ತಲಾ ಒಂದು 8.2 ಓಮ್ ಪ್ರತಿರೋಧಕವನ್ನು ಇಟ್ಟು, ಅದರ ಮೈಗೆ ಥರ್ಮೊಕಪಲ್ ತಂತಿ ಅಂಟಿಸಿ, ಬೇರೆ ಬೇರೆ ಮಿಶ್ರಣ ತುಂಬಬೇಕು. 4 ವೋಲ್ಟ್ ಕೊಟ್ಟರೆ ಸುಮಾರು 2 ವ್ಯಾಟ್ ಶಾಖ ಹುಟ್ಟುತ್ತದೆ. ಅರ್ಧ ಗಂಟೆಯ ನಂತರ ಪ್ರತಿರೋಧಕದ ತಾಪ ಮತ್ತು ಬಟ್ಟಲಿನ ಹೊರಮೈ ತಾಪಗಳ ವ್ಯತ್ಯಾಸವನ್ನು ಬರೆದುಕೊಂಡರೆ ಯಾವ ಮಿಶ್ರಣ ಮೇಲು ಎಂಬುದು ತಾನಾಗಿ ತಿಳಿಯುತ್ತದೆ. ಕೊಂಡುತಂದ ಸಿದ್ಧ ಮಿಶ್ರಣದ ಒಂದು ಬಟ್ಟಲನ್ನೂ ಸಾಲಿನಲ್ಲಿಟ್ಟರೆ ಹೋಲಿಕೆಗೆ ಅಳತೆಗೋಲು ದೊರೆಯುತ್ತದೆ.

ಒಳಗಿನ ದಾರಿ ಎಷ್ಟು ಸುಗಮವಾದರೂ ಶಾಖ ಕೊನೆಗೆ ಟಾರ್ಚಿನ ಹೊರಮೈಯಿಂದ ಗಾಳಿಗೆ ಸೇರಬೇಕು. 25 ಮಿ.ಮೀ. ವ್ಯಾಸ, 130 ಮಿ.ಮೀ. ಉದ್ದದ ಟಾರ್ಚಿನ ಮೈ ಸುತ್ತಲಿನ ಗಾಳಿಗಿಂತ 20 ಡಿಗ್ರಿ ಹೆಚ್ಚು ಬಿಸಿಯಾದಾಗ ಬಿಟ್ಟುಕೊಡುವ ಶಾಖ ಸುಮಾರು 2 ವ್ಯಾಟ್ ಅಷ್ಟೇ. ಬೇಸಿಗೆಯ 35 ಡಿಗ್ರಿಯಲ್ಲಿ ಅದು ಆಗಲೇ 55 ಡಿಗ್ರಿ, ಕೈಯಲ್ಲಿ ಹಿಡಿಯಲಾಗದ ಬಿಸಿ. ಆದ್ದರಿಂದ 10 ವ್ಯಾಟಿನ ಚಿಕ್ಕ ಟಾರ್ಚನ್ನು ಯಾವ ಮಿಶ್ರಣವೂ ಗಂಟೆಗಟ್ಟಲೆ ಪೂರ್ಣ ಬೆಳಕಿನಲ್ಲಿ ನಡೆಸಲಾರದು. ಕೆಲವು ನಿಮಿಷಗಳ ನಂತರ ಹರಿವನ್ನು ತಗ್ಗಿಸುವ ಡ್ರೈವರನ್ನೇ ಆರಿಸಬೇಕು. ಬರೀ ಮಿರುಗುವ ಅಲ್ಯೂಮಿನಿಯಂಗಿಂತ ಆನೊಡೈಸ್ ಮಾಡಿದ ಮೈ ಶಾಖವನ್ನು ಹೆಚ್ಚು ಸೂಸುತ್ತದೆ ಎಂಬುದನ್ನು ಅಂದಕ್ಕಾಗಿ ಹೊಳಪು ಕೊಡಿಸುವವರು ಗಮನಿಸಬೇಕು.

ಕೊಳ್ಳುವುದೋ, ಬೆರೆಸುವುದೋ

ಒಂದು ಟಾರ್ಚಿಗೆ ಬೇಕಾದದ್ದು 2 ಗ್ರಾಂ ಎಂಬ ಅಂಕಿ ಇಲ್ಲಿ ಮತ್ತೆ ಮುಖ್ಯವಾಗುತ್ತದೆ. ಮಾದರಿ ತಯಾರಿಕೆಗೆ, ನೂರಿನ್ನೂರು ಸಂಖ್ಯೆಯ ವಿಶೇಷ ಬೇಡಿಕೆಗೆ ಮನೆಮಿಶ್ರಣ ಲಾಭದಾಯಕ. ತಿಂಗಳಿಗೆ ಸಾವಿರಾರು ತಯಾರಿಸುವವರಿಗೆ 2 ಗ್ರಾಂನಲ್ಲಿ ಉಳಿಯುವ ಹಣ ಅಲ್ಪ. ತೂಗುವ, ಒಣಗಿಸುವ, ಬೆರೆಸುವ ಕೂಲಿ ಮತ್ತು ಒಂದು ತಂಡ ಕೆಟ್ಟರೆ ಆಗುವ ನಷ್ಟ ಅದನ್ನು ಸುಲಭವಾಗಿ ನುಂಗುತ್ತವೆ. ಅಂತಹವರು 1 ಅಥವಾ 1.5 ವಾಹಕತೆಯ, ತಾಂತ್ರಿಕ ವಿವರಪತ್ರ ಸಹಿತದ ಸಿದ್ಧ ಮಿಶ್ರಣವನ್ನು ಕೊಳ್ಳುವುದೇ ಲೇಸು. ಎಲ್‌ಇಡಿ ಕೈದೀಪಗಳು ಭಾರತೀಯ ಮಾನಕ ಬ್ಯೂರೋದ ಕಡ್ಡಾಯ ನೋಂದಣಿಯ ಪಟ್ಟಿಯಲ್ಲಿರುವುದರಿಂದ, ಪರೀಕ್ಷೆಗೆ ಒಪ್ಪಿಸಿದ ಮಾದರಿಯಲ್ಲಿದ್ದ ಪದಾರ್ಥವನ್ನು ಅನಂತರ ಬದಲಿಸುವ ಮುನ್ನ ಪರೀಕ್ಷಾಲಯವನ್ನು ವಿಚಾರಿಸುವುದು ಕ್ಷೇಮ.

ಯಾವ ದಾರಿ ಹಿಡಿದರೂ, ಎಪಾಕ್ಸಿ ತುಂಬಿದ ಡ್ರೈವರನ್ನು ಮತ್ತೆ ಬಿಚ್ಚಲಾಗದು. ತುಂಬುವ ಮೊದಲೇ ಪ್ರತಿಯೊಂದು ಫಲಕವನ್ನೂ ಅಲ್ಯೂಮಿನಿಯಂ ಪಟ್ಟಿಗೆ ಬಿಗಿದು, ಕೆಲವು ಗಂಟೆ ಉರಿಸಿ ನೋಡಿ ಗುರುತು ಹಾಕಬೇಕು. ಮಿಶ್ರಣ ಬೆರೆಸಿದ ದಿನಾಂಕ, ಪುಡಿ ಮತ್ತು ರಾಳದ ತಂಡಸಂಖ್ಯೆಗಳನ್ನು ಟಾರ್ಚಿನ ಕ್ರಮಸಂಖ್ಯೆಯ ಜೊತೆ ದಾಖಲೆ ಪುಸ್ತಕದಲ್ಲಿ ಬರೆದಿಟ್ಟರೆ, ಮುಂದೆ ಸರಕು ಹಿಂದಿರುಗಿದಾಗ ಯಾವ ದಿನದ ಕಲಸುವಿಕೆಯಲ್ಲಿ ದೋಷವಿತ್ತೆಂದು ಪತ್ತೆಹಚ್ಚಬಹುದು. ಕೆಟ್ಟರೆ ದುರಸ್ತಿಯಲ್ಲ, ತಲೆಭಾಗವನ್ನೇ ಬದಲಿಸಿ ಕೊಡಲಾಗುವುದು ಎಂಬ ಷರತ್ತನ್ನು ಖಾತರಿಪತ್ರದಲ್ಲಿ ಕನ್ನಡದಲ್ಲೇ ಮುದ್ರಿಸಿ, ಅಂಗಡಿಯವರಿಗೂ ಮೊದಲೇ ತಿಳಿಸಿರಬೇಕು.